ಗಾಳಿಮನೆಯ ಬಾಗಿಲು

ಹೊಸಹಳ್ಳಿ
12 ಆಗಸ್ಟ್ 2024

ಸುಜಾತಾ,

ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಕರಗುತ್ತೇನೆ. ಬಿ.ಎಡ್. ಓದುವಾಗಿನಿಂದ ನಡೆದದ್ದೇ ಇದು. ಕಾಗದದಲ್ಲಿ ಅಳು ಕೇಳಿಸುವುದಿಲ್ಲ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಉತ್ತರ ಕೊಡುವ ಮುಖ ಇದ್ದರೆ ನೀನೂ ಹೀಗೆಯೇ ಬರೆ.

ಶನಿವಾರ ಕೂಡ್ಲಿಗಿಯಲ್ಲಿ ವಿಜ್ಞಾನ ಶಿಕ್ಷಕರ ಸಭೆ ಇತ್ತು. ಎಲ್ಲರಿಗೂ ಒಂದೊಂದು ಕೈಪಿಡಿ ಹಂಚಿದರು. ಹೆಸರು ‘ಇಂಗಾಲದ ಮನೆಗಳು’. ಪರಿಕಲ್ಪನೆ: ಸುಜಾತಾ, ಸಂಪನ್ಮೂಲ ವ್ಯಕ್ತಿ, ಹರಪನಹಳ್ಳಿ. ಪಕ್ಕದಲ್ಲಿ ನಿನ್ನ ಫೋಟೊ. ಉಟ್ಟಿದ್ದು ಕೊಟ್ಟೂರಿನಲ್ಲಿ ನಾನು ಆರಿಸಿಕೊಟ್ಟ ಹಸಿರು ಸೀರೆ.

ಒಳಗೆ ನೋಡಿದರೆ ನನ್ನ ಆಟ. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಬರೆದ ಮನೆಗಳು. ಸುತ್ತ ಗಿಡ, ಕುರಿ, ಮಣ್ಣು, ಹೊಳೆ, ಇದ್ದಿಲು ಭಟ್ಟಿ, ನಡುವೆ ಗಾಳಿಮನೆ. ಒಂದೊಂದು ಮಗುವೂ ಒಂದೊಂದು ಇಂಗಾಲದ ಕಣ. ಚೌಕಾಬಾರಾ ಆಡುವ ಹಾಗೆ ಕವಡೆ ಹಾಕಬೇಕು, ಬಿದ್ದದ್ದಕ್ಕೆ ತಕ್ಕಂತೆ ಗಿಡದಿಂದ ಕುರಿಗೆ, ಕುರಿಯಿಂದ ಮಣ್ಣಿಗೆ, ಭಟ್ಟಿಯಿಂದ ಗಾಳಿಗೆ ನಡೆಯಬೇಕು. ಜನವರಿಯಲ್ಲಿ ನೀನು ನಮ್ಮ ಶಾಲೆಗೆ ಬಂದಿದ್ದೆ. ನನ್ನ ಮಕ್ಕಳು ಆಡುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. “ಅಕ್ಕಾ, ಭಾಳ ಚಂದ ಐತಿ ಬಿಡು, ನಮ್ಮ ಹುಡುಗ್ರಿಗೆ ತೋರಿಸ್ತೀನಿ” ಅಂದೆ. ಐದು ತಾಲೂಕಿಗೆ ತೋರಿಸುತ್ತೀಯ ಎಂದು ಹೇಳಿರಲಿಲ್ಲ.

ಆಟ ಕದ್ದೆ, ಹೋಗಲಿ. ಮುನ್ನುಡಿಯಲ್ಲಿ ಏನು ಬರೆದಿದ್ದೀಯ? “ಬಾಲ್ಯದಲ್ಲಿ ಜಾಲಿ ಕಡಿದು ಇದ್ದಿಲು ಸುಡುವುದನ್ನು ಕಂಡ ನೆನಪಿನಿಂದ ಈ ಚಟುವಟಿಕೆ ಹುಟ್ಟಿತು.” ಯಾರ ಬಾಲ್ಯ ಅದು? ನಿಮ್ಮಪ್ಪ ಹರಪನಹಳ್ಳಿಯ ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತಿದ್ದರು. ಇದ್ದಿಲು ಸುಟ್ಟದ್ದು ನನ್ನ ಅಪ್ಪ ಉಚ್ಚಂಗೆಪ್ಪ. “ಗಾಡಿ ತುಂಬ ಕಟಿಗಿ ಒಟ್ಟಿದ್ವಿ, ನಾಕು ಚೀಲ ಇದ್ದಿಲು ಬಂತು. ಉಳಿದಿದ್ದು ಎಲ್ಲಿ ಹೋತಪ್ಪಾ?” ಎಂದು ಕೇಳಿದವಳು ನಾನು. ಅಪ್ಪ ಗದ್ದ ಎತ್ತಿ ಮೇಲೆ ತೋರಿಸಿದ್ದ. ನಾನು ವಿಜ್ಞಾನ ಹಿಡಿದದ್ದು ಆ ಪ್ರಶ್ನೆಯಿಂದ.

ಬಿ.ಎಡ್. ಓದುವಾಗ ನಾವಿಬ್ಬರೂ ಇದ್ದ ಕೊಟ್ಟೂರಿನ ರೂಮಿಗೆ ಅಪ್ಪ ಒಮ್ಮೆ ಬಂದಿದ್ದ. ಬೆಡ್‌ಶೀಟು ಮಸಿಯಾಗುತ್ತದೆ ಎಂದು ನೀನು ಅವನಿಗೆ ನೆಲದ ಮೇಲೆ ಚಾಪೆ ಹಾಸಿಕೊಟ್ಟೆ. ಈಗ ಅದೇ ಮಸಿ ನಿನ್ನ ಮುನ್ನುಡಿಗೆ ಬೇಕಾಯಿತು.

ನನಗೆ ಬೇಕಾದದ್ದು ಒಂದೇ. ಮುಂದಿನ ತರಬೇತಿಯಲ್ಲಿ, ತುಂಬಿದ ಸಭೆಯಲ್ಲಿ, ಮೈಕು ಹಿಡಿದು ಹೇಳು: ಈ ಪಾಠ ನನ್ನದಲ್ಲ, ಹೊಸಹಳ್ಳಿ ಕಡೆಯ ಸಮತಾ ಅವರದು, ಇದ್ದಿಲು ಸುಡುತ್ತಿದ್ದ ಉಚ್ಚಂಗೆಪ್ಪನ ಮಗಳದು. ಹೇಳದಿದ್ದರೆ ನಾನು ಸುಮ್ಮನಿರುವವಳಲ್ಲ. ನನ್ನ ಸಿಟ್ಟು ಎಂಥದ್ದು ಎಂದು ನಿನಗೆ ಗೊತ್ತು.

ಸಮತಾ

•

ಹರಪನಹಳ್ಳಿ
26 ಆಗಸ್ಟ್ 2024

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀನು ಎದುರಿಗಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಬೇಕೆಂದು ಮಾಡಿದ್ದಲ್ಲ. ವಿಡಿಯೊ ನೋಡಿದ ನಮ್ಮ ಕಚೇರಿಯ ಸಾಹೇಬರಿಗೆ ತುಂಬ ಹಿಡಿಸಿತು. “ಸುಜಾತಾ ಮೇಡಂ, ಇದನ್ನ ಬರ್ದು ಕೊಡ್ರಿ, ಪುಸ್ತಕ ಮಾಡಾಣ” ಅಂದರು. ಹೆಸರಿಗೆ ಒಂದೇ ಜಾಗ ಇತ್ತು. ಆಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಮುನ್ನುಡಿಯನ್ನು ಬೇರೆ ಯಾರೋ ತಿದ್ದಿದರು. ಅದು ಇರಲಿ. ಪಾಠ ಯಾರಪ್ಪನ ಸ್ವತ್ತೂ ಅಲ್ಲ ಎಂದು ಕೊಟ್ಟೂರಿನಲ್ಲಿ ನೀನೇ ಹೇಳುತ್ತಿದ್ದೆಯಲ್ಲ ಅಕ್ಕ? ನಿನ್ನ ಆಟ ಇಂದು ಹಡಗಲಿಯ ಮಕ್ಕಳೂ ಆಡುತ್ತಿದ್ದಾರೆ. ಅದಕ್ಕಾದರೂ ಸ್ವಲ್ಪ ಖುಷಿಪಡು.

ನಿನ್ನ ಹೆಸರು ಹೇಳುವುದಿಲ್ಲ ಅನ್ನುತ್ತಿಲ್ಲ. ಸ್ವಲ್ಪ ದಿನ ತಡೆ. ನನ್ನದು ಇನ್ನೂ ಎರವಲು ಹುದ್ದೆ. ಡಿಸೆಂಬರಿನಲ್ಲಿ ಹೊಸಪೇಟೆಯಲ್ಲಿ ದೊಡ್ಡ ಪ್ರಾತ್ಯಕ್ಷಿಕೆ ಇದೆ, ಮೇಲಿನವರೆಲ್ಲ ಬರುತ್ತಾರೆ. ಅದು ಚೆನ್ನಾಗಿ ಆದರೆ ಹುದ್ದೆ ಉಳಿಯುತ್ತದೆ, ಕೆಟ್ಟರೆ ಮೈಲಾರದ ಕಡೆಯ ಹಳೆಯ ಶಾಲೆಗೆ ವಾಪಸು.

ಒಂದು ಅನುಮಾನ ಕೇಳಲೇ? ಬೈಯಬೇಡ. ಆಟ ಅರ್ಧ ಗಂಟೆ ನಡೆಯುವಷ್ಟರಲ್ಲಿ ಮಕ್ಕಳೆಲ್ಲ ಗಾಳಿಮನೆಗೆ ಬಂದು ಸೇರುತ್ತಾರೆ. ಹೊರಗೆ ಹೋಗಲು ಕವಡೆ ನಾಲ್ಕೂ ಬೋರಲು ಬಿದ್ದು ಎಂಟಾಗಬೇಕು, ಅದು ಬೀಳುವುದೇ ಅಪರೂಪ. ಎಲ್ಲ ಅಲ್ಲೇ ನೂಕಾಡುತ್ತ ನಿಲ್ಲುತ್ತಾರೆ. ನಡುಮನೆ ಸೇರಿದರೆ ಹಣ್ಣಾಯಿತು ಎಂದು ಚೌಕಾಬಾರಾದಲ್ಲಿ ಅನ್ನುವುದಿಲ್ಲವೇ, ಹಾಗೆ ನಾನೂ “ಎಲ್ಲಾರೂ ಹಣ್ಣಾದ್ರು, ಆಟ ಮುಗೀತು” ಎಂದು ಚಪ್ಪಾಳೆ ಹೊಡೆಸುತ್ತೇನೆ. ಆಮೇಲೆ ಹೊಗೆ, ಮಾಲಿನ್ಯ ಅಂತ ನಾಲ್ಕು ಮಾತು. ಸರಿ ತಾನೇ?

ನಿನ್ನ
ಸುಜಿ

•

ಹೊಸಹಳ್ಳಿ
3 ಸೆಪ್ಟೆಂಬರ್ 2024

ಸುಜಿ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಬರೆಯದಿದ್ದರೆ ಎದೆ ಒಡೆಯುತ್ತದೆ, ಅಷ್ಟು ನಗು ಬರುತ್ತಿದೆ.

ನಿನ್ನ ಅನುಮಾನ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಗೀತಮ್ಮ ಟೀಚರು “ಏನಾತವಾ?” ಎಂದು ಓಡಿ ಬಂದರು. ಏನು ಹೇಳಲಿ? ಕಳ್ಳಿ ಮನೆಗೆ ನುಗ್ಗಿ ಬೀಗ ಕದ್ದು, ಬೀಗದ ಕೈ ಬಿಟ್ಟು ಹೋಗಿದ್ದಾಳೆ ಎನ್ನಲೇ?

ಆ ಪಾಠ ಮೂರು ದಿನದ್ದು ಸುಜಿ. ನೀನು ನೋಡಿದ್ದು ಮೊದಲ ದಿನ. ಮರುದಿನ ಬೆಳಗಿನ ಬಸ್ಸಿಗೆ ನೀನು ಹರಪನಹಳ್ಳಿಗೆ ವಾಪಸು ಹೋದೆ. ಮೊದಲ ದಿನದ ಆಟವನ್ನು ನಾನು ಬೇಕೆಂದೇ ಕೆಡಿಸಿ ಇಟ್ಟಿರುತ್ತೇನೆ. ಗಾಳಿಮನೆಯನ್ನು ನಡುವೆ ಬರೆಯುವುದೂ ಬೇಕೆಂದೇ. ಚೌಕಾಬಾರಾ ಆಡಿ ಬೆಳೆದ ನಮ್ಮ ಮಕ್ಕಳು ನಡುಮನೆ ಅಂದರೆ ಗೆಲುವು ಅಂದುಕೊಳ್ಳುತ್ತಾರೆ. ಓಡೋಡಿ ಹೋಗಿ ಸೇರುತ್ತಾರೆ, ಆಮೇಲೆ ಉಸಿರುಗಟ್ಟಿ ಒದ್ದಾಡುತ್ತಾರೆ. ನಾನು ಏನನ್ನೂ ಹೇಳುವುದಿಲ್ಲ. “ನಾಳೆ ಬರ್ರಿ” ಅಂತ ಗಂಟೆ ಹೊಡೆಸುತ್ತೇನೆ. ಅವರು ಮನೆಗೆ ಹೋಗಿಯೂ ಜಗಳ ಆಡಬೇಕು. ಅದೇ ಪಾಠ.

ಎರಡನೆಯ ದಿನ ಅವರೇ ಬಾಗಿಲು ತೆರೆಯುತ್ತಾರೆ. ಗಿಡ ಗಾಳಿಯನ್ನು ತಿನ್ನುವುದಿಲ್ಲವೇ? ಹಾಗಾದರೆ ಆ ಬಾಗಿಲು ದೊಡ್ಡದಾಗಲಿ. ಮಳೆ ಗಾಳಿಯನ್ನು ತೊಳೆದು ಹೊಳೆಗೆ ತರುವುದಿಲ್ಲವೇ? ಅಲ್ಲಿಗೊಂದು ಬಾಗಿಲು. ಹೊಳೆಯಿಂದ ಸಮುದ್ರಕ್ಕೆ, ಅಲ್ಲಿ ಚಿಪ್ಪಿಗೆ, ಚಿಪ್ಪಿನಿಂದ ಸುಣ್ಣದ ಕಲ್ಲಿಗೆ. ಕಲ್ಲಿನ ಮನೆ ಸೇರಿದ ಮಗು ಕವಡೆ ಹಾಕುತ್ತಲೇ ಕೂತಿರಬೇಕು, ಎದ್ದು ಬರುವುದು ಯಾವ ಕಾಲಕ್ಕೋ. ಸಂಜೆ ಹೊತ್ತಿಗೆ ಆಟ ಸುತ್ತತೊಡಗುತ್ತದೆ. ಆಗ ಅದು ಭೂಮಿ. ಮೂರನೆಯ ದಿನ ಮಂಗಳ ಗ್ರಹ: ಕೈಬೆರಳೆಣಿಕೆಯ ಮಕ್ಕಳು, ತೆಳ್ಳನೆಯ ಗಾಳಿ, ಮೂಲೆಯಲ್ಲಿ ಮಂಜಿನ ಮನೆ, ಚಳಿಗಾಲ ಬಂದರೆ ಗಾಳಿಯೇ ಹೆಪ್ಪುಗಟ್ಟಿ ಅಲ್ಲಿ ಕೂರುತ್ತದೆ. ಎಲ್ಲ ಮುಗಿದ ಮೇಲೆ ಕೇಳುತ್ತೇನೆ, ಮೊದಲ ದಿನ ಆಡಿದ್ದು ಯಾವ ಊರು? ಇಂಗಾಲವೆಲ್ಲ ಗಾಳಿಗೆ ಸೇರಿ, ಹಿಂದೆ ಕರೆಯಲು ಹೊಳೆಯೂ ಗಿಡವೂ ಇಲ್ಲದೆ, ಸೀಸ ಕರಗುವಷ್ಟು ಕಾದು ನಿಂತದ್ದು? ನಸುಕಿನಲ್ಲಿ ಕಾಣುವ ಬೆಳ್ಳಿಚುಕ್ಕಿ. ಶುಕ್ರ ಗ್ರಹ.

ನೀನು ಐದು ತಾಲೂಕಿನ ಮಕ್ಕಳಿಗೆ ಭೂಮಿ ಎಂದು ಹೇಳಿ ಶುಕ್ರವನ್ನು ಹಂಚುತ್ತಿದ್ದೀಯ. ಸಮಾಜ ವಿಷಯದವಳು ವಿಜ್ಞಾನ ಕದ್ದರೆ ಇನ್ನೇನಾಗುತ್ತದೆ!

ಈ ಕಾಗದ ಕಳಿಸಿದರೆ ನೀನು ಬದುಕಿಕೊಳ್ಳುತ್ತೀಯ. ಅದಕ್ಕೇ ಕಳಿಸುವುದಿಲ್ಲ. ಒಲೆಗೆ ಹಾಕುತ್ತೇನೆ, ಇದೂ ಗಾಳಿಮನೆ ಸೇರಲಿ.

•

ಹೊಸಹಳ್ಳಿ
4 ಸೆಪ್ಟೆಂಬರ್ 2024

ಪ್ರೀತಿಯ ಸುಜಿ,

ನಿನ್ನ ಕಾಗದ ತಲುಪಿತು. ಆ ದಿನ ಸಿಟ್ಟಿನಲ್ಲಿ ಏನೇನೋ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೆಸರಿನ ವಿಷಯ ನಿಧಾನಕ್ಕೆ ಆಗಲಿ. ಡಿಸೆಂಬರಿನಲ್ಲಿ ಮೇಲಿನವರ ಮುಂದೆಯೇ ಹೇಳುವಂತೆ.

ನೀನು ಆಡಿಸುವ ರೀತಿ ಸರಿಯಾಗಿಯೇ ಇದೆ. ಇಂಗಾಲ ಕೊನೆಗೆ ಸೇರುವುದು ಗಾಳಿಗೇ. ಆ ಎಂಟರ ಬಾಗಿಲು ಮಾತ್ರ ನಿನ್ನನ್ನು ಗೊಂದಲ ಮಾಡುತ್ತಿದೆ. ಅದನ್ನು ತೆಗೆದುಹಾಕು. ಗಾಳಿಮನೆ ಸೇರಿದವರು ಹಣ್ಣಾದರು, ಇನ್ನು ಹೊರಗೆ ಬರುವಂತಿಲ್ಲ. ಹೀಗೆ ಮಾಡಿದರೆ ಆಟ ಬೇಗ ಮುಗಿಯುತ್ತದೆ, ನೋಡುವವರಿಗೂ ಚಂದ. ಹೊಸಪೇಟೆಯಲ್ಲಿ ಮಕ್ಕಳನ್ನು ನಿಲ್ಲಿಸಬೇಡ, ಬಂದ ಸಾಹೇಬರುಗಳನ್ನೇ ಕಣಗಳನ್ನಾಗಿ ಮಾಡು. ಆಡಿದರೆ ಅವರು ಮರೆಯುವುದಿಲ್ಲ.

ಶಿಕ್ಷಕರ ದಿನಾಚರಣೆಯ ಶುಭಾಶಯ.

ನಿನ್ನ ಅಕ್ಕ
ಸಮತಾ

•

ಹರಪನಹಳ್ಳಿ
21 ಅಕ್ಟೋಬರ್ 2024

ಪ್ರೀತಿಯ ಅಕ್ಕ,

ನೀನು ಹೇಳಿದಂತೆ ಬಾಗಿಲು ಮುಚ್ಚಿದೆ. ಕೊಟ್ಟೂರಿನಲ್ಲಿ ಆಡಿಸಿದೆ, ಹಗರಿಬೊಮ್ಮನಹಳ್ಳಿಯಲ್ಲಿ ಆಡಿಸಿದೆ. ಹಂಪಸಾಗರದಿಂದ ಬಂದಿದ್ದ ಮಾಸ್ತರೊಬ್ಬರು ಮೊದಲು ಹಣ್ಣಾದೆ ಎಂದು ಕುಣಿದೇಬಿಟ್ಟರು. ಪ್ಯಾಂಟಿನ ತುಂಬ ಸುಣ್ಣ. ಕೊಟ್ಟೂರಿನಲ್ಲಿ ನಮ್ಮ ಹಳೆಯ ರೂಮಿನ ಓಣಿಗೂ ಹೋಗಿ ಬಂದೆ. ಕೆಳಗಿನ ಮಿರ್ಚಿ ಅಂಗಡಿಯ ಹೊನ್ನೂರಮ್ಮ ಗುರುತು ಹಿಡಿದರು. “ಆ ಸಿಟ್ಟಿನ ಹುಡುಗಿ ಹೆಂಗ ಅದಾಳವಾ?” ಎಂದು ನಿನ್ನ ವಿಷಯ ಕೇಳಿದರು. ಚೆನ್ನಾಗಿದ್ದಾಳೆ, ಸಿಟ್ಟು ಇಳಿದಿದೆ ಎಂದು ಹೇಳಿದೆ. ನಿಜ ಹೇಳಿದೆನೋ ಸುಳ್ಳು ಹೇಳಿದೆನೋ ನನಗೇ ತಿಳಿಯಲಿಲ್ಲ.

ಹಡಗಲಿಯಲ್ಲಿ ಗಂಗಾಧರ ಎಂಬ ಮಾಸ್ತರು ಎದ್ದು ನಿಂತು ಕೇಳಿದರು: “ಮೇಡಂ, ಗಾಳ್ಯಾಗಿಂದ ಹೊರಗ ಬರಂಗಿಲ್ಲ ಅಂದ್ರ ಗಿಡ ಏನು ತಿಂದು ಬೆಳಿತಾವ್ರಿ?” ಊಟದ ಸಮಯವಾಯಿತು ಎಂದು ಹೇಳಿ ಜಾರಿಕೊಂಡೆ. ಅವರು ಬಿಡಲಿಲ್ಲ. ಊಟದ ಸಾಲಿನಲ್ಲೂ ತಟ್ಟೆ ಹಿಡಿದು ಹಿಂದೆಯೇ ಬಂದರು.

ಅಕ್ಕ, ಕೈಮುಗಿದು ಕೇಳುತ್ತೇನೆ. ಈ ಆಟದಲ್ಲಿ ತಪ್ಪೇನಾದರೂ ಇದ್ದರೆ ಈಗಲೇ ಹೇಳು. ನಿನ್ನ ಹೋದ ಕಾಗದ ತುಂಬ ಸಿಹಿಯಾಗಿತ್ತು. ಬೈಯದೆ ಒಂದು ಮಾತನ್ನೂ ಹೇಳಿಕೊಟ್ಟವಳಲ್ಲ ನೀನು. ಚಪಾತಿ ಲಟ್ಟಿಸುವುದನ್ನು ಕಲಿಸಿದ್ದೂ ಬೈದೇ. ಬೇಕಾದರೆ ಈಗಲೂ ಬೈ. ಆದರೆ ನಿಜ ಹೇಳು. ತಪ್ಪಿದ್ದರೆ ಹೊಸಪೇಟೆಯ ಮೊದಲೇ ತಿದ್ದೋಣ, ವೇದಿಕೆಯ ಮೇಲೆ ಇಬ್ಬರೂ ನಿಲ್ಲೋಣ. ಕೈಪಿಡಿಯನ್ನು ಮತ್ತೆ ಅಚ್ಚು ಹಾಕಿಸಿ ನಿನ್ನ ಹೆಸರು ಮೊದಲು, ನನ್ನದು ಆಮೇಲೆ ಹಾಕಿಸುತ್ತೇನೆ. ಸಾಹೇಬರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ನಿನ್ನ ಉತ್ತರ ಬರುವತನಕ ಯಾವ ತರಬೇತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಸುಜಿ

•

ಹೊಸಹಳ್ಳಿ
18 ನವೆಂಬರ್ 2024

ಪ್ರೀತಿಯ ಸುಜಿ,

ತಡವಾಯಿತು, ಪರೀಕ್ಷೆಯ ಗಡಿಬಿಡಿ. ಆಟದಲ್ಲಿ ತಪ್ಪೇನೂ ಇಲ್ಲ. ಗಾಳಿಮನೆಗೆ ಬಾಗಿಲು ಬೇಡವೇ ಬೇಡ. ಗಂಗಾಧರನಂಥವರು ಎಲ್ಲ ಕಡೆ ಒಬ್ಬೊಬ್ಬರು ಇದ್ದೇ ಇರುತ್ತಾರೆ.

ವೇದಿಕೆಗೆ ನಾನು ಬರುವುದಿಲ್ಲ. ನೀನೊಬ್ಬಳೇ ಧೈರ್ಯವಾಗಿ ಆಡಿಸು.

ಸಮತಾ

•

ಹರಪನಹಳ್ಳಿ
15 ಡಿಸೆಂಬರ್ 2024

ಶ್ರೀಮತಿ ಸಮತಾ ಅವರಿಗೆ,

ಶುಕ್ರವಾರ ಹೊಸಪೇಟೆಯ ಪ್ರಾತ್ಯಕ್ಷಿಕೆ ಮುಗಿಯಿತು. ಹೇಗಾಯಿತು ಎಂದು ಕಾಯುತ್ತಿರುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಹೇಳಿದಂತೆ ಸಾಹೇಬರುಗಳನ್ನೇ ಕಣಗಳನ್ನಾಗಿ ಮಾಡಿದೆ. ಮೈದಾನದಲ್ಲಿ ದೊಡ್ಡದಾಗಿ ಮನೆ ಬರೆಸಿದ್ದೆ. ಐದು ತಾಲೂಕಿನ ಶಿಕ್ಷಕರು ಸುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಹಣ್ಣಾದರು. ಬಿಸಿಲಿನಲ್ಲಿ, ಸಣ್ಣ ಚೌಕದೊಳಗೆ, ಕೋಟು ಹಾಕಿದವರೆಲ್ಲ ಒಬ್ಬರ ಕಾಲನ್ನು ಒಬ್ಬರು ತುಳಿಯುತ್ತ ನಿಂತರು. ಒಬ್ಬರ ಕನ್ನಡಕ ಬಿತ್ತು. “ಮುಂದೇನ್ರೀ ಮೇಡಂ?” ಎಂದು ದೊಡ್ಡ ಸಾಹೇಬರು ಕೇಳಿದರು. ಮುಂದೆ ಏನೂ ಇರಲಿಲ್ಲ. ಅತಿಥಿಯಾಗಿ ಬಂದಿದ್ದ ವಿಜ್ಞಾನಿ ಅಮ್ಮ ಒಬ್ಬರು ಆ ಗುಂಪಿನೊಳಗಿಂದಲೇ ನಗುತ್ತ ಹೇಳಿದರು: “ಇದು ಭೂಮಿ ಅಲ್ಲಮ್ಮಾ, ಶುಕ್ರ. ಇಲ್ಲಿ ಯಾರೂ ಬದುಕೋಕಾಗಲ್ಲ.” ಇಡೀ ಮೈದಾನ ನಕ್ಕಿತು.

ಆಗ ನಾನು ಮೈಕು ತೆಗೆದುಕೊಂಡೆ. ನೀವು ಆಗಸ್ಟಿನಲ್ಲಿ ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಈ ಪಾಠ ನನ್ನದಲ್ಲ. ಹೊಸಹಳ್ಳಿ ಕಡೆಯ ಸಮತಾ ಮೇಡಂ ಅವರದು, ಇದ್ದಿಲು ಸುಡುತ್ತಿದ್ದ ಉಚ್ಚಂಗೆಪ್ಪನವರ ಮಗಳದು. ಗಾಳಿಮನೆಗೆ ಬಾಗಿಲು ಬೇಡ ಎಂದವರೂ ಅವರೇ, ನಾನು ಎರಡು ಸಲ ಕೇಳಿದೆ, ಎರಡು ಸಲವೂ ಬೇಡ ಎಂದರು. ಹೆಸರನ್ನು ನಿಧಾನವಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಶಿಕ್ಷಕರು ಬರೆದುಕೊಂಡರು.

ಗಿಡ ಗಾಳಿಯನ್ನು ತಿನ್ನುತ್ತದೆ ಎನ್ನುವುದೂ ಗೊತ್ತಿಲ್ಲದಷ್ಟು ದಡ್ಡಿ ನಾನು ಅಂದುಕೊಂಡಿರಾ? ಅದನ್ನು ಓದಲು ವಿಜ್ಞಾನದ ಪದವಿ ಬೇಕಾಗಿಲ್ಲ. ಗಂಗಾಧರ ಮಾಸ್ತರು ಕೇಳಿದ ದಿನವೇ ಗೊತ್ತಾಯಿತು, ನೀವು ನನ್ನನ್ನು ಗುಂಡಿಗೆ ಇಳಿಸುತ್ತಿದ್ದೀರಿ ಎಂದು. ಆದರೂ ನಂಬಲಿಲ್ಲ. ಕೈಮುಗಿದು ಕೇಳಿದೆ, ನಿಮ್ಮ ಹೆಸರು ಮೊದಲು ಹಾಕಿಸುತ್ತೇನೆ ಎಂದೆ. ನಿಮ್ಮ ಉತ್ತರಕ್ಕೆ ನಾಲ್ಕು ವಾರ ಕಾದೆ. ಪ್ರತಿ ದಿನ ಪೋಸ್ಟ್‌ಮನ್ ಬಂದಾಗ, ಅಕ್ಕ ಬೈದು ಬರೆದಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. “ಬಾಗಿಲು ಬೇಡವೇ ಬೇಡ” ಎಂದು ಬಂತು. ಆವತ್ತು ನನ್ನ ಅಕ್ಕ ಸತ್ತಳು ಎಂದು ಸ್ನಾನ ಮಾಡಿದೆ. ಹೊಸಪೇಟೆಯಲ್ಲಿ ಗೊತ್ತಿದ್ದೇ ಬಾಗಿಲಿಲ್ಲದ ಮನೆ ಬರೆಸಿದೆ.

ಕದ್ದದ್ದು ತಪ್ಪು, ಒಪ್ಪಿಕೊಂಡಿದ್ದೇನೆ. ನಿಮ್ಮ ಅಪ್ಪನಿಗೆ ಚಾಪೆ ಹಾಸಿದ್ದೂ ತಪ್ಪೇ. ನೀವು ಮಾಡಿದ್ದು ಏನು ಎಂದು ನೀವೇ ಹೆಸರಿಟ್ಟುಕೊಳ್ಳಿ.

ಸುಜಾತಾ

•

ಹೊಸಹಳ್ಳಿ
20 ಜನವರಿ 2025

ಸುಜಾತಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಬಾರದು ಅಂದುಕೊಂಡಿದ್ದೆ.

ನನಗೆ ಬೇಕಾದದ್ದು ಸಿಕ್ಕಿದೆ. ಐದು ತಾಲೂಕಿಗೂ ನನ್ನ ಹೆಸರು ಗೊತ್ತಾಗಿದೆ. ಹೋದ ವಾರ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಮುಖಪರಿಚಯವೂ ಇಲ್ಲದ ಮಾಸ್ತರೊಬ್ಬ ಹತ್ತಿರ ಬಂದು “ಆ ಗಾಳಿ ಮೇಡಂ ನೀವೇ ಏನ್ರೀ?” ಎಂದು ಕೇಳಿದ. ಹೌದೆಂದೆ. ಇದ್ದಿಲು ಸುಡುವವನ ಮಗಳು ಸುಡುವುದನ್ನು ಬಿಟ್ಟು ಇನ್ನೇನು ಕಲಿಸುತ್ತಾಳೆ ಎಂದು ಯಾರೋ ಅಂದರಂತೆ. ಗೀತಮ್ಮ ಟೀಚರು ಹೇಳಿದರು. ಅಪ್ಪ ಬದುಕಿದ್ದಿದ್ದರೆ ಅವನ ಮುಖಕ್ಕೂ ಹಾಗೆಯೇ ಅನ್ನುತ್ತಿದ್ದರೇನೋ.

ಇಲಾಖೆಯಿಂದ ನೋಟಿಸು ಬಂತು. ಬಾಗಿಲು ಬೇಡ ಎಂದು ನೀವು ಬರೆದದ್ದು ಹೌದೇ ಎಂದು ಕೇಳಿದ್ದರು. ಹೌದು ಎಂದು ಬರೆದುಕೊಟ್ಟೆ, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಆದೇಶ ಬಂತು: ಇನ್ನು ಮುಂದೆ ಪಠ್ಯಪುಸ್ತಕ ಬಿಟ್ಟು ನಾನು ಏನನ್ನೂ ಕಲಿಸುವಂತಿಲ್ಲ. ಆ ಆಟವನ್ನು ಯಾವ ಶಾಲೆಯಲ್ಲೂ ಆಡಿಸುವಂತಿಲ್ಲ.

ಸಾಹೇಬರು ತಪಾಸಣೆಗೆ ಬಂದದ್ದು ಗುರುವಾರ. ಅದರ ಹಿಂದಿನ ದಿನವೇ ಈ ವರ್ಷದ ಒಂಬತ್ತನೆಯ ತರಗತಿಗೆ ಮೊದಲ ದಿನದ ಆಟ ಆಡಿಸಿದ್ದೆ. ಆದೇಶವನ್ನು ಮೇಜಿನ ಒಳಗಿಟ್ಟು ಆಡಿಸಿದೆ, ನನ್ನ ಹಟ. ನೀನು ಏನೇ ಅನ್ನು, ಆ ಮಕ್ಕಳಿಗೆ ಅದನ್ನು ಕೊಡದೆ ಬಿಡಲು ಮನಸ್ಸಾಗಲಿಲ್ಲ. ಅಂಗಳದಲ್ಲಿ ಸುಣ್ಣದ ಮನೆಗಳು ಹಾಗೇ ಇದ್ದವು. ಸಾಹೇಬರು ಕಸಬರಿಗೆ ತರಿಸಿ ಅಳಿಸಿಬಿಟ್ಟರು. ಮಕ್ಕಳನ್ನು ಸಾಲಾಗಿ ಕೂರಿಸಿ, “ನಿನ್ನೆ ಹೇಳಿದ ಪಾಠ ತಪ್ಪು ಅಂತ ನೀವೇ ಹೇಳ್ರಿ ಮೇಡಂ” ಎಂದರು. ಹೇಳಿದೆ. ನಾನು ನಿನ್ನೆ ಹೇಳಿದ ಪಾಠ ತಪ್ಪು ಎಂದು ನನ್ನ ಮಕ್ಕಳ ಮುಂದೆ ಹೇಳಿದೆ.

ರಮಾ ಎಂಬ ಹುಡುಗಿ ಎದ್ದು ನಿಂತಳು. “ಹೌದ್ರಿ ಮೇಡಂ, ತಪ್ಪೈತಿ. ನಾವೂ ರಾತ್ರಿ ಅದನ್ನ ಮಾತಾಡಿದ್ವಿ. ಗಾಳಿಮನಿಗೆ ಬಾಗಲಾ ಸಣ್ಣದಾಗೈತಿ. ಗಿಡದ ಕಡೆ ಒಂದು, ಹೊಳಿ ಕಡೆ ಒಂದು ದೊಡ್ಡ ಬಾಗಲಾ ಮಾಡಿದ್ರ ಸರಿ ಹೋಗತೈತ್ರಿ. ಮಾಡ್ಲೇನ್ರಿ?” ಕೈಯಲ್ಲಿ ಸುಣ್ಣದ ಡಬ್ಬಿಯನ್ನೂ ಹಿಡಿದಿದ್ದಳು. ಸಾಹೇಬರು “ಕುಂದ್ರಮ್ಮಾ” ಅಂದರು. ಅವಳು ನನ್ನ ಮುಖ ನೋಡಿದಳು. ನಾನೂ ಕೂತುಕೋ ಎಂದೆ. ಕೂತಳು. ಆವತ್ತಿನಿಂದ ನನ್ನ ತರಗತಿಯಲ್ಲಿ ಒಬ್ಬರೂ ಪ್ರಶ್ನೆ ಕೇಳಿಲ್ಲ.

ಸುಜಾತಾ, ನಿನ್ನನ್ನು ಕ್ಷಮಿಸಿಲ್ಲ. ನಿನ್ನಿಂದ ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ಆ ಹುಡುಗಿಯ ಕೈಯಲ್ಲಿದ್ದ ಡಬ್ಬಿ ನನ್ನನ್ನು ಊಟ ಮಾಡಲು ಬಿಡುತ್ತಿಲ್ಲ. ಮಾರ್ಚಿಗೆ ಆ ತರಗತಿ ಮುಗಿಯುತ್ತದೆ. ಅವರು ಶುಕ್ರದಲ್ಲೇ ಉಳಿದುಬಿಡುತ್ತಾರೆ. ಬೇರೆ ಶಾಲೆಗಳ ಮಕ್ಕಳನ್ನೂ ನಾವಿಬ್ಬರೂ ಅಲ್ಲೇ ಬಿಟ್ಟಿದ್ದೇವೆ.

ಆ ಪಾಠ ಮೂರು ದಿನದ್ದು, ನೀನು ನೋಡಿದ್ದು ಮೊದಲ ದಿನದ್ದು ಮಾತ್ರ. ಈ ಕಾಗದದ ಜೊತೆ ಎರಡನೆಯ ದಿನದ ಪಾಠವನ್ನೂ ಮೂರನೆಯ ದಿನದ ಪಾಠವನ್ನೂ ಪೂರ್ತಿ ಬರೆದು ಇಟ್ಟಿದ್ದೇನೆ. ಒಂದು ಬಾಗಿಲನ್ನೂ ಮುಚ್ಚಿಟ್ಟಿಲ್ಲ. ನಂಬಿಕೆ ಬರದಿದ್ದರೆ ಗಂಗಾಧರ ಮಾಸ್ತರಿಗೆ ತೋರಿಸು. ನಾನು ತಿದ್ದಿದೆ ಎಂದರೆ ಯಾರೂ ನಂಬುವುದಿಲ್ಲ. ನಿನ್ನನ್ನು ಈಗಲೂ ನಂಬುತ್ತಾರೆ, ಮೋಸ ಹೋದ ಪಾಪದ ಮೇಡಂ ಎಂದು. ಹುದ್ದೆಯೂ ಉಳಿದಿದೆಯಂತೆ. ತಿದ್ದಿದ ಪಾಠ ಎಂದು ಇದನ್ನು ನೀನೇ ಕೊಡು. ನನ್ನ ಹೆಸರನ್ನು ಎಲ್ಲಿಯೂ ಹಾಕಬೇಡ, ಅಪ್ಪನ ಹೆಸರನ್ನೂ ಹಾಕಬೇಡ. ಹಾಕಿದರೆ ಇದನ್ನೂ ಮೂಲೆಗೆ ಎಸೆಯುತ್ತಾರೆ.

ಸಮತಾ

•

ಹರಪನಹಳ್ಳಿ
3 ಫೆಬ್ರವರಿ 2025

ಶ್ರೀಮತಿ ಸಮತಾ ಅವರಿಗೆ,

ಕಾಗದವೂ ಪಾಠಗಳೂ ತಲುಪಿದವು. ಗಂಗಾಧರ ಮಾಸ್ತರಿಗೆ ತೋರಿಸಿದೆ. ಅವರು ಎರಡು ಸಲ ಓದಿ, “ಇದನ್ನ ಬರ್ದೋರು ಯಾರೋ ಭಾಳ ದೊಡ್ಡೋರಿರಬೇಕ್ರಿ” ಅಂದರು. ನಾನು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ತಿದ್ದಿದ ಕೈಪಿಡಿಗೆ ಒಪ್ಪಿಗೆ ಸಿಕ್ಕಿದೆ. ಸಾಹೇಬರು “ಆ ಹೊಸಹಳ್ಳಿ ಮೇಡಂ ಏನಾದ್ರೂ ಸಹಾಯ ಮಾಡಿದ್ರೇನು?” ಎಂದು ಕೇಳಿದರು. ಇಲ್ಲ ಎಂದೆ. ನೀವು ಕೇಳಿಕೊಂಡಿದ್ದೀರಿ ಎಂದು ಹಾಗೆ ಹೇಳಿದೆ ಅಂದುಕೊಳ್ಳಬೇಡಿ. ನೀವು ಕೇಳಿಕೊಳ್ಳದಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಮೊದಲ ತರಬೇತಿ ನಿಮ್ಮ ಶಾಲೆಯಿಂದಲೇ ಶುರುವಾಗಲಿ ಎಂದು ನಾನೇ ಬರೆಸಿದ್ದೇನೆ. ಇದೇ ಹದಿಮೂರು, ಗುರುವಾರ, ಬೆಳಗಿನ ಬಸ್ಸಿಗೆ ಬರುತ್ತೇನೆ. ಮೂರು ದಿನ ಇರುತ್ತೇನೆ. ಆ ರಮಾ ಎಂಬ ಹುಡುಗಿಯನ್ನು ಗಾಳಿಮನೆಯ ಬಾಗಿಲು ಬರೆಯಲು ಕರೆಯುತ್ತೇನೆ. ಆದೇಶದ ಪ್ರಕಾರ ನೀವು ಆಟ ಆಡಿಸುವಂತಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತು ನೋಡಬಹುದು. ಮಕ್ಕಳನ್ನು ಪ್ರಾರ್ಥನೆ ಮುಗಿದ ಕೂಡಲೇ ಅಂಗಳದಲ್ಲಿ ನಿಲ್ಲಿಸಿರಿ.

ಸುಜಾತಾ